ಬಲೆ ಬಿಡೂಕೆ ಮೊದ್ಲು ಮಾತಾಡಿದ ಪಾಲು

...ನಗಾಡು, ನಗಾಡು ನೀನು. ತಿಂಗಳು ಹುಟ್ಟಿ ಈ ಮೊಬೈಲು ಟಿಂಗ್ ಅಂದ್ರೆ ನಾ ಕುಡಿಯೂ ಚಾ ಬಿಟ್ಟು ಓಡ್ತೆ, ಖರೆ. ಅದು ಸರಕಾರದ್ದಲ್ಲ ಮತ್ತೆ, ನಾ ದುಡಿದ ಶೆಟ್ಲಿ ಫ್ಯಾಕ್ಟರಿ ಪೆನ್ಶನ್ನು, ಪ್ಯಾಟೆಯವ್ರು ಸಿಗಡಿ ಅಂತಾರಲ್ಲ ಆ ಶೆಟ್ಲಿ. ಸುಜಾತಾ, ನೀ ನಾಳೆ ಕೆಲ್ಸದ ಕಾಗದಕ್ಕೆ ಸಹಿ ಹಾಕೂಕೆ ಕಾರವಾರಕ್ಕೆ ಹೋಗ್ತಿ ಅಲ್ದಾ? ಹಂಗಾರೆ ನೀನು ಮುಂದೆ ಬಾ, ಸಣ್ಣವ್ರು ಹಿಂದೆ ಕೂತ್ಕಳ್ಳಿ. ಈ ಪೆನ್ಶನ್ನು ಒಂದು ದಿನ ಕೈ ತಪ್ಪಿ ಹೋಗ್ತಿತ್ತು. ನಂದೊಂದೇ ಅಲ್ಲ, ಎಲ್ಲರದ್ದೂ. ಅದೂ ನನ್ನ ಒಂದು ಸಹಿಯಿಂದ.

ನಿಮ್ಮಜ್ಜ ತೀರ್ಕಂಡಾಗ ನಿಮ್ಮಪ್ಪ ಎರಡ್ನೇ ಕ್ಲಾಸು, ಅಲ್ಲ ಅಲ್ಲ, ಮೂರ್ನೇದು, ಸ್ಲೇಟು ಒಡ್ಕಂಡು ಬಂದು ಪೆಟ್ಟು ತಿಂದ ವರ್ಷ ಅದು. ಮಳೆಗಾಲ ಬಂತು ಅಂದ್ರೆ ದೋಣಿ ದಡದ ಮೇಲೆ, ಅಕ್ಕಿ ಡಬ್ಬಿ ತಳದಲ್ಲಿ. ಗಂಜಿಗೆ ಒಂದು ಒಣಮೀನು ಸುಟ್ಟು ನಾನು, ನಿಮ್ಮಪ್ಪ, ನನ್ನ ಅತ್ತೆ ಮೂರು ಜನ ತಿಂತಿದ್ವಿ. ಆಗ ಸದಾಶಿವಗಡದ ಬದಿಗೆ ಶೆಟ್ಲಿ ಸುಲಿಯೂ ಫ್ಯಾಕ್ಟರಿ ಶುರು ಆಯ್ತು, ನಾ ಸೇರ್ದೆ. ದಿನವಿಡೀ ನಿಂತ್ಕಂಡು ಐಸಿನಲ್ಲಿ ಕೈ. ಸಂಜೆಗೆ ಬೆರಳು ನಂದೋ ಪಕ್ಕದವಳದ್ದೋ ಅಂತ್ಲೇ ತಿಳೀತಿರ್ಲಿಲ್ಲ! ಪಗಾರ ಜಾಸ್ತಿ ಮಾಡಿ ಅಂತ ಒಂದಿನ ಎಲ್ಲ ಹೆಂಗಸ್ರೂ ಹೋಗಿ ನಿಂತ್ವಿ. ಫ್ಯಾಕ್ಟರಿ ದೊಡ್ಡ ಸಾವ್ಕಾರ್ರು ಒಳ್ಳೆಯವ್ರು, ನಾ ಸುಳ್ಳು ಹೇಳೂದಿಲ್ಲ. "ದೇವಕೀ, ಪಗಾರ ಈಗ ಏರ್ಸೂಕೆ ಆಗೂದಿಲ್ಲ. ಅದ್ರ ಬದ್ಲಿಗೆ ಅರವತ್ತರ ತನಕ ದುಡಿದವ್ರಿಗೆ, ಸಾಯೂ ತನಕ, ತಿಂಗಳಿಗೆ ಇಷ್ಟು ಅಂತ ಕೊಡ್ತೆ. ಒಪ್ಗೆಯಾ?" ಅಂದ್ರು. ಒಪ್ಗೆ ಅಂದ್ವಿ. ನೆನಪಿಟ್ಕ ಸುಜಾತಾ, ತಿಂಗಳಿಗೆ ಇಷ್ಟು. ಅದಕ್ಕಾಗಿ ಅವತ್ತಿನ ಪಗಾರ ಬಿಟ್ವಿ ನಾವು.

ಆ ದುಡ್ಡು ಸಾವ್ಕಾರ್ರ ಪೆಟ್ಟಿಗೆಲಿ ಇರೂಕಿಲ್ಲ, ಕಾಯ್ದೆ ಹಂಗೇ ಇದೆ. ಬೇರೆ ಟ್ರಸ್ಟು ಮಾಡಿ ಇಡಬೇಕು. ಕಂಪನಿಯವ್ರು ಮೂರು ಜನ, ನಮ್ಮವ್ರು ಇಬ್ರು ಅದನ್ನ ಕಾಯೂದು. ಇಬ್ರಲ್ಲಿ ಒಬ್ಳು ನಾನು. ನಾ ಎಂತ ಓದಿದ್ದೆ? ನಾಕ್ನೇ ಕ್ಲಾಸು. ಆದ್ರೆ ನನ್ನ ತವರು ಮಂಜಗುಣಿಲಿ ನನ್ನ ಅಪ್ಪ, ಊರೆಲ್ಲ ಸೇರಿ ದಡದಿಂದ ಎಳೆಯೂ ರಂಪಣಿ ಬಲೆ ಎಳೆದಾದ ಮೇಲೆ ಮೀನು ಪಾಲು ಹಾಕೂವ, ಅವನ ಪಾಲಿಗೆ ಯಾರೂ ತಕರಾರು ತೆಗೀತಿರ್ಲಿಲ್ಲ. "ಅವನ ಮಗಳಲ್ದಾ, ಇರ್ಲಿ" ಅಂತ ನನ್ನ ಆರಿಸಿದ್ರು. ಇನ್ನು ಮೂರು ವರ್ಷಕ್ಕೊಂದು ಸಲ ಮುಂಬೈಯಿಂದ ಲೆಕ್ಕದ ಸಾಹೇಬ್ರು ಬರ್ತಿದ್ರು. ದುಡ್ಡು ಎಷ್ಟಿದೆ, ಜನ ಎಷ್ಟಿದ್ದಾರೆ, ಎಷ್ಟು ವರ್ಷ ಬದುಕ್ತಾರೆ, ಇದ್ದದ್ದು ಸಾಲ್ತದಾ ಅಂತ ನೋಡೂದು. ಅಂಥ ಕೆಲ್ಸವೂ ಉಂಟು ನೋಡು ಲೋಕದಲ್ಲಿ!

ದೊಡ್ಡ ಸಾವ್ಕಾರ್ರು ಹೋದ್ರು, ಮಗ ಕೂತ. ಆ ಸಲ ಸಾಹೇಬ್ರು ಬಂದಾಗ ಸಣ್ಣ ಸಾವ್ಕಾರ್ರು ಎಲ್ಲರನ್ನೂ ಕರೆದ್ರು, ನಿವೃತ್ತಿ ಆದವ್ರನ್ನೂ. ಚಾ, ಬನ್ಸು, ಜೋರು ಮರ್ಯಾದೆ. ಮರ್ಯಾದೆ ಜಾಸ್ತಿ ಆಗ್ವಾಗ್ಲೇ ನಂಗೆ ತಿಳೀಬೇಕಾಗಿತ್ತು, ತಿಳೀಲಿಲ್ಲ. ಸಾಹೇಬ್ರು ಎದ್ದು ನಿಂತು, ಪಾಪ, ನಾಚ್ಕಂಡು ಹೇಳಿದ್ರು, "ಫಂಡಿನಲ್ಲಿ ದುಡ್ಡು ಸಾಲೂದಿಲ್ಲ. ನಿಮ್ಮ ಕಡೆಯವರು ನಮ್ಮ ಲೆಕ್ಕದ ಪುಸ್ತಕ ಹೇಳೂದಕ್ಕಿಂತ ಜಾಸ್ತಿ ವರ್ಷ ಬದುಕ್ತಾ ಇದ್ದಾರೆ." ಹಿಂದಿಂದ ನಾಗಿ ಮಾವಶಿ, ಪೆನ್ಶನ್ ತಗಂಡವ್ರಲ್ಲಿ ಎಲ್ಲರಿಗಿಂತ ಹಳಬಳು, ಎಂಬತ್ತು ದಾಟಿತ್ತು, "ದಿನಾ ಮೀನ್ಸಾರು ತಿಂದ್ರೆ ನಿಮ್ಮ ಪುಸ್ತಕ ಎಂತ ಮಾಡ್ತದ್ರಾ?" ಅಂತು. ಎಲ್ಲಾ ನಗೆ. ಆ ನಗೆಯಲ್ಲೇ ಸಣ್ಣ ಸಾವ್ಕಾರ್ರು ಒಂದು ಕಾಗದ ತೆಗೆದ್ರು. "ಇನ್ಮೇಲೆ ತಿಂಗಳಿಗೆ ಇಷ್ಟು ಅಂತ ಬೇಡ. ಫಂಡಿನಲ್ಲಿ ಇದ್ದಷ್ಟನ್ನ ಹಂಚ್ಕಳ್ಳುವಾ. ನೀವು ಮೀನುಗಾರ್ರು, ನಿಮ್ಗೆ ಹೇಳಬೇಕಾ? ಮೀನು ಕಮ್ಮಿ ಬಂದ್ರೆ ಪಾಲು ಕಮ್ಮಿ, ಅಲ್ದಾ?"

ಅಲ್ದಾ ಅಂದ್ರೆ ಹೌದಲ್ಲ! ನಾವೆಲ್ಲ ಹುಟ್ಟಿದಾಗಿಂದ ನೋಡಿದ್ದು ಅದೇ. ಬೇರೆ ಯಾರೇ ಆಗಿದ್ರೂ ಜಗಳ ತೆಗೀತಿದ್ರು, ನಾವು ತಲೆ ಅಲ್ಲಾಡ್ಸಿದ್ವಿ. ಎಷ್ಟು ದಡ್ಡಿ ನಾನು! ಟ್ರಸ್ಟಿನಲ್ಲಿದ್ದ ನಮ್ಮ ಇನ್ನೊಬ್ರು ಸಹಿ ಹಾಕಿ ಆಗಿತ್ತು, ನಾನೂ ಪೆನ್ನು ಕೈಗೆ ತಗಂಡಾಗಿತ್ತು. ನಂಗೆ ನಿವೃತ್ತಿಗೆ ಎರಡೇ ವರ್ಷ, ಆ ಪೆನ್ಶನ್ನು ಬಿಟ್ರೆ ಕೈಯಲ್ಲಿ ಬೇರೆ ಒಂದು ಕಾಸಿಲ್ಲ, ಆದ್ರೂ ನಗ್ತಾ ನಗ್ತಾ ಸಹಿ ಹಾಕೂಕೆ ಹೊರಟಿದ್ದೆ. ಆಗ ಮಾವಶಿ ಕೂತಲ್ಲಿಂದ್ಲೇ ಕೂಗ್ತು, "ದೇವಕೀ, ನಿನ್ನ ಅಪ್ಪ ಪಾಲು ಯಾವಾಗ ಮಾತಾಡ್ತಿದ್ದ? ಬಲೆ ಬಿಡೂಕೆ ಮೊದ್ಲೋ, ಎಳೆದ ಮೇಲೋ?"

ನನ್ನ ಕೈ ಅಲ್ಲೇ ನಿಂತ್ಕಂತು. ಅಪ್ಪ ನಡು ತನಕ ನೀರಲ್ಲಿ ನಿಂತ್ಕಂಡು, ದೋಣಿ ಬಲೆ ತಗಂಡು ಹೋಗೂಕೆ ಮೊದ್ಲೇ, ಗಾಳಿ ಮೀರಿ ಕೂಗ್ತಿದ್ದ. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವ್ರಿಗೆ ಇಷ್ಟು, ಎಳೆಯೂಕೆ ಆಗದಿದ್ರೂ ಹಗ್ಗಕ್ಕೆ ಕೈ ಹಚ್ಚಿದ ಮುದುಕ್ರಿಗೆ ಇಷ್ಟು. ಹಗ್ಗ ಕೈಗೆ ಬಂದ ಮೇಲೆ ಆ ಮಾತು ಬದಲಿಸೂಕೆ ಯಾರಪ್ಪಂಗೂ ಹಕ್ಕಿಲ್ಲ. ಒಂದು ಸಲ ಒಬ್ಬ ದೋಣಿಯವ ಎಳೆದಾದ ಮೇಲೆ ತಂಟೆ ತೆಗೆದದ್ದಕ್ಕೆ, ಆ ವರ್ಷವಿಡೀ ಅವನ ದೋಣಿ ಹತ್ರ ಯಾರೂ ಸುಳೀಲಿಲ್ಲ. ನಾ ಪೆನ್ನು ಕೆಳಗಿಟ್ಟೆ. "ಸಾವ್ಕಾರ್ರೇ, ಮೀನಿಗೆ ಬಂದಷ್ಟರಲ್ಲಿ ಪಾಲು ಅಂತ ಮೊದ್ಲೇ ಮಾತಾಡಿರ್ತೇವೆ. ಇಲ್ಲಿ ನಿಮ್ಮ ಅಪ್ಪ ಮಾತಾಡಿದ್ದು ತಿಂಗಳಿಗೆ ಇಷ್ಟು ಅಂತ. ಅದನ್ನ ನಂಬಿ ಪಗಾರ ಬಿಟ್ಟು ಇಷ್ಟು ವರ್ಷ ಎಳೆದಿದ್ದೇವೆ. ಮೀನು ದಡಕ್ಕೆ ಬಂದ ಮೇಲೆ ಹೊಸ ಪಾಲು ಹೇಳ್ತ್ರಾ?" ಅಂದೆ. ಮತ್ತೆ ಸಾಹೇಬ್ರ ಕಡೆ ತಿರುಗಿ, "ಸಾಲದಿದ್ರೆ ಯಾರು ತುಂಬೂದು ಅಂತ ಟ್ರಸ್ಟಿನ ಕಾಗದದಲ್ಲಿ ಬರ್ದಿದೆ?" ಅಂತ ಕೇಳ್ದೆ. ಅವ್ರು ಕನ್ನಡಕ ಒರೆಸ್ಕಂಡು, "ಕಂಪನಿ," ಅಂದ್ರು. "ಟ್ರಸ್ಟಿನಲ್ಲಿರೂ ನಿಮ್ಮ ಕಡೆಯ ಇಬ್ಬರೂ ಒಪ್ಪಿ ಸಹಿ ಹಾಕದೆ ಅದನ್ನ ಬದಲಿಸೂಕೆ ಬರೂದಿಲ್ಲ."

ಸಣ್ಣ ಸಾವ್ಕಾರ್ರ ಮುಖ ನೋಡಿ ನಂಗೇ ಪಾಪ ಅನ್ನಿಸ್ತು. "ದೇವಕ್ಕಾ, ಒಂದೇ ಸಲ ತುಂಬಿದ್ರೆ ಫ್ಯಾಕ್ಟರಿ ಬಾಗಿಲು ಹಾಕಬೇಕಾಗ್ತದೆ," ಅಂದ. ಅದೂ ಖರೆಯೇ. "ಒಂದೇ ಸಲ ಯಾರು ಕೇಳಿದ್ರು? ವರ್ಷವರ್ಷ ಸ್ವಲ್ಪ ತುಂಬಿ, ತುಂಬಿದ ಚೀಟಿ ನೀರಿನ ಕೊಡದ ಹತ್ರ ಗೋಡೆಗೆ ಹಚ್ಚಿ, ನಾವು ಕುಡೀತಾ ಓದ್ತೇವೆ. ಹೊಸದಾಗಿ ಸೇರೂವ್ರಿಗೆ ಬೇರೆ ಪಾಲು ಕೊಡೂದಿದ್ರೆ ಕೊಡಿ, ಆದ್ರೆ ಸೇರೂ ದಿನವೇ ಹೇಳಿ," ಅಂದೆ ನಾ. ಅಂವ ಸಾಹೇಬ್ರ ಹತ್ರ ಲೆಕ್ಕ ಹಾಕ್ಸಿ ನೋಡಿ, ಹೂಂ ಅಂದ. ಖರೆ ಹೇಳ್ಬೇಕಂದ್ರೆ, ಒಂದು ವರ್ಷವೂ ತಪ್ಸಲಿಲ್ಲ, ಅಪ್ಪನ ಮಗನೇ. ತಿರುಗಿ ಬರ್ವಾಗ ಬಸ್ಸಲ್ಲಿ ನಾಗಿ ಮಾವಶಿ ಉಳಿದ ಬನ್ಸು ಸೆರಗಲ್ಲಿ ಕಟ್ಕಂಡು ಹೇಳ್ತು, "ಇಷ್ಟು ಗಲಾಟೆ ಮಾಡಿದ ಮೇಲೆ ಈಗಲೇ ಸತ್ರೆ ಮರ್ಯಾದೆ ಅಲ್ಲ ಕಾಣೇ." ಆಮೇಲೂ ಒಂಬತ್ತು ವರ್ಷ ತಗಂತು ಪೆನ್ಶನ್ನು, ಆ ಪುಣ್ಯಾತ್ಗಿತ್ತಿ!

ಅದಕ್ಕೇ ಸುಜಾತಾ, ನಾಳೆ ಅವ್ರು ಚಾ ಕೊಟ್ರೆ ಕುಡಿ, ಬನ್ಸು ಕೊಟ್ರೆ ತಿನ್ನು. ಆದ್ರೆ ಪಾಲು ಎಷ್ಟು ಅಂತ ಕೇಳಿ, ಬರೆಸ್ಕಂಡು, ಆಮೇಲೆ ಹಗ್ಗ ಹಿಡಿ. ಏಳು, ಸಾರು ಬಿಸಿ ಮಾಡು.