ಪೂಜೆಗಿಟ್ಟ ಕಲ್ಲು

ಆಯುಧಪೂಜೆಯ ಮಧ್ಯಾಹ್ನ, ಹುಳಿಮಾವಿನಿಂದ ಜಯನಗರಕ್ಕೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಖಾಕಿ ಅಂಗಿಯ ಆಟೋ ಡ್ರೈವರ್, ಪಕ್ಕದಲ್ಲಿ ಅವನ ಹೆಂಡತಿ.

“ಲತಾ, ಆಟೋ ಚಕ್ರಕ್ಕೆ ಕಲ್ಲು ಕೊಟ್ಟೆ ತಾನೇ?”

“ಕಲ್ಲನ್ನ ಪೂಜೆಗಿಟ್ಟಿದ್ದೀನಲ್ಲ ರೀ, ಸ್ಪ್ಯಾನರು, ಜಾಕಿ ಜೊತೆ.”

“ಕಲ್ಲಿಗೆಂಥ ಪೂಜೆನೇ?”

“ದಿನಾ ಗಾಡಿ ಹಿಡಿಯೋದು ಅದೇ ಅಲ್ವಾ?”

“ಪೂಜೆ ಆದ್ಮೇಲೆ ವಾಪಸ್ ಇಡೋದಲ್ವಾ!”

“ನಾಳೆವರೆಗೂ ಮುಟ್ಬಾರ್ದು ಅಂದ್ರು ಅತ್ತೆ. ಹ್ಯಾಂಡ್ ಬ್ರೇಕ್ ಹಾಕಿದ್ರಲ್ಲ?”

“ಅದು ಸರಿಯಾಗಿ ಹಿಡಿಯಲ್ಲ ಅಂತಾನೇ ಕಲ್ಲು ಕಣೇ.”

“ನಾವು ಬರೋವಾಗ ನಿಂತೇ ಇತ್ತಲ್ಲ.”

“ಖಾಲಿ ಇತ್ತು, ನಿಂತಿತ್ತು. ಯಾರಾದ್ರೂ ಹತ್ತಿ ಒಂಚೂರು ಅಲ್ಲಾಡಿದ್ರೆ ಸಾಕು, ಆಮೇಲೆ ಕೆರೆವರೆಗೂ ಇಳಿಜಾರೇ. ತಡೆಯೋಕೆ ಏನೂ ಇಲ್ಲ.”

ಅವಳು ತಿರುಗಿ ಬಸ್ಸಿನ ಹಿಂದಿನ ಗಾಜಿನ ಕಡೆ ನೋಡಿದಳು.

“ಅಮ್ಮ ಮನೇಲೇ ಇರ್ತಾರೆ ಅಲ್ವಾ?”

“ಒಳಗೆ ಸೆಖೆ ಅಂತ…”

“ಅಂತ?”

“ಊಟ ಆದ್ಮೇಲೆ ಆಟೋದಲ್ಲೇ ಮಲಗ್ತೀನಿ ಅಂದ್ರು ರೀ.”

“ಹೋಲ್ಡಾನ್! ಹೋಲ್ಡಾನ್!” ಅವನು ಎದ್ದು ನಿಂತು ಬಸ್ಸಿನ ತಗಡು ಬಡಿದ.

ಬಸ್ಸಿನ ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದ. ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ತಲೆ ಎತ್ತಿ ನೋಡುವಷ್ಟರಲ್ಲಿ ಅವರಿಬ್ಬರೂ ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಿದ್ದರು.