ಬಟ್ಟಲಿನಲ್ಲಿದ್ದದ್ದು ಸಕ್ಕರೆ

ಹೆಸರು: ಸುಧೀರ ತಂದೆ ವಾಮನರಾವ ಕುಲಕರ್ಣಿ, ವಯಸ್ಸು 53 ವರ್ಷ, ಉದ್ಯೋಗ: ಬಬಲೇಶ್ವರದ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಉಪನ್ಯಾಸಕ, ಸಾಕಿನ್: ತಿಕೋಟಾ. ಯಾರೂ ಕರೆಯದೆ, ಈ ದಿನ ಬೆಳಿಗ್ಗೆ 10-20 ಗಂಟೆಗೆ ನಾನಾಗಿಯೇ ಠಾಣೆಗೆ ಬಂದು ಬರೆಯಿಸುವುದೇನೆಂದರೆ,

ನಾನು ಒಂಬತ್ತು ವರ್ಷಗಳಿಂದ ಮಧುನಾಶಿನಿ ಬಳ್ಳಿಯ ಮೇಲೆ ಅಧ್ಯಯನ ಮಾಡುತ್ತಿದ್ದೇನೆ. ಅದರ ಎಲೆಯಲ್ಲಿರುವ ಅಂಶಗಳು ಸಕ್ಕರೆ ಕಾಯಿಲೆಗೆ ಎಷ್ಟರ ಮಟ್ಟಿಗೆ ನೆರವಾಗಬಹುದು ಎಂಬುದು ನನ್ನ ವಿಷಯ. ಅದಕ್ಕೆ ಖಚಿತ ಉತ್ತರ ನನಗಿನ್ನೂ ಸಿಕ್ಕಿಲ್ಲ. ಖಚಿತವಿರುವುದು ಒಂದೇ. ಎಲೆ ಅಗಿದವರಿಗೆ ಸುಮಾರು ಅರ್ಧ ತಾಸಿನಿಂದ ಒಂದು ತಾಸಿನವರೆಗೆ ಸಿಹಿ ತಿಳಿಯುವುದಿಲ್ಲ. ಬಾಯಿಗೆ ಹಾಕಿದ ಸಕ್ಕರೆ ಉಸುಕಿನಂತೆ ಕರಕರ ಎನ್ನುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆಲ್ಲ ನಾನು ಇದನ್ನು ಮಾಡಿ ತೋರಿಸಿ ನಗುತ್ತಿದ್ದೆ. ಅದು ನನ್ನ ಚಟವಾಗಿತ್ತು.

ಬೇಲಿಯಾಚೆಯ ಮನೆ ರಾಜಬಿಯವರದು, ವಯಸ್ಸು 64. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಮಗ ಅಕೀಬ ವಿಜಯಪುರದಲ್ಲಿ ನೌಕರಿಗೆ ಹೋಗಿ ಬರುತ್ತಾನೆ. ಸೂಜಿ, ಊಟ ಎಲ್ಲ ನೋಡಿಕೊಳ್ಳುವವಳು ಸೊಸೆ ರುಕ್ಸಾರ. ದಿನಾಂಕ 07-09-2025 ರಂದು ನಾನು ರಾಜಬಿಯವರಿಗೂ ಎಲೆ ಅಗಿಸಿ ಸಕ್ಕರೆ ಕೊಟ್ಟೆ. ಅವರು ಉಗುಳಿ, ಬೆಲ್ಲದ ಚಹಾದ ಆಸೆ ಬಿಡಿಸಲು ಇದೇ ಸರಿ, ದಿನಾ ಒಂದೆರಡು ಎಲೆ ಕೊಡಬೇಕು, ಸೊಸೆಗೆ ಹೇಳಬಾರದು, ಹೇಳಿದರೆ ಡಾಕ್ಟರ ಕಡೆ ಕರೆದೊಯ್ಯುತ್ತಾಳೆ ಎಂದರು. ಸೂಜಿ ಮಾತ್ರ ಬಿಡಬಾರದು ಎಂದು ನಾನು ಹೇಳಿದೆ. ಡಾಕ್ಟರಿಗೆ ತಿಳಿಸಿರಿ ಎನ್ನಲಿಲ್ಲ. ನನ್ನ ಎಲೆಯನ್ನು ಒಬ್ಬರು ನಂಬಿ ಕೇಳಿದರಲ್ಲ ಎಂದು ಖುಷಿಯಾಗಿತ್ತು.

ದಿನಾಂಕ 15-09-2025 ಸೋಮವಾರ, 7-30ಕ್ಕೆ ರುಕ್ಸಾರ ಸೂಜಿ ಮಾಡಿ ರೊಟ್ಟಿ ಬಡಿಯಲು ಕುಳಿತಿದ್ದಳಂತೆ. 7-45ಕ್ಕೆ ರಾಜಬಿಯವರು ಬೇಲಿಗೆ ಬಂದರು. ಎರಡು ಎಲೆ ಕೊಟ್ಟೆ, ಅಲ್ಲಿಯೇ ಅಗಿದರು. ಎಲೆಯ ಅಂಶ ನಾಲಿಗೆಯ ಮೇಲೆ ಹೇಗೆ ಕುಳಿತುಕೊಳ್ಳುತ್ತದೆ ಎಂದು ಪಾಠ ಮಾಡಿದ ಹಾಗೆ ವಿವರಿಸತೊಡಗಿದೆ. ರೊಟ್ಟಿ ಆರುತ್ತದೆ ಎಂದು ಅವರು ಎರಡು ಸಲ ಹೇಳಿದರು. 8-10ರವರೆಗೆ ಬಿಡಲಿಲ್ಲ. ಕೇಳುವವರು ಸಿಕ್ಕರೆ ನನಗೆ ಹೊತ್ತು ತಿಳಿಯುವುದಿಲ್ಲ.

8-25ಕ್ಕೆ ರುಕ್ಸಾರ ಕೂಗಿದ್ದು ಕೇಳಿ ಹೋದೆ. ಮನೆ ಹನ್ನೆರಡು ಹೆಜ್ಜೆ ದೂರ. ಅಡುಗೆ ಮನೆಯ ಬಾಗಿಲ ಹೊರಗೆ, ಬಚ್ಚಲು ಕಟ್ಟಿಸಲು ತರಿಸಿದ್ದ ಉಸುಕಿನ ಗುಂಪಿಯ ಪಕ್ಕದಲ್ಲಿ ರಾಜಬಿಯವರು ಕುಸಿದಿದ್ದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ರುಕ್ಸಾರ ಬಟ್ಟಲಿನಿಂದ ಸಕ್ಕರೆ ತೆಗೆದು ಅತ್ತೆಯ ಬಾಯಿಗೆ ಹಾಕುತ್ತಿದ್ದಳು. ಸೂಜಿಯ ನಂತರ ರಕ್ತದ ಸಕ್ಕರೆ ತೀರಾ ಇಳಿದರೆ ಹೀಗೆ ಮಾಡಬೇಕೆಂದು ಡಾಕ್ಟರು ಹೇಳಿಕೊಟ್ಟದ್ದು ಅದೇ, ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ರಾಜಬಿಯವರು ಉಗುಳಿ ಹಲ್ಲು ಕಚ್ಚಿ, ಸೊಸೆ ಬಾಯಿಗೆ ಉಸುಕು ತುಂಬುತ್ತಿದ್ದಾಳೆ ಎಂದು ಉರ್ದುವಿನಲ್ಲಿ ಮೂರು ಸಲ ಹೇಳಿದರು. ಅದೇ ಹೊತ್ತಿಗೆ ಬಂದ ಅವರ ತಮ್ಮ ಯುನುಸ ಅದನ್ನು ಕೇಳಿ ರುಕ್ಸಾರಳ ಕೈಗೆ ಹೊಡೆದ. ಬಟ್ಟಲು ಗುಂಪಿಯ ಮೇಲೆ ಬಿದ್ದು ಸಕ್ಕರೆ ಉಸುಕಿನಲ್ಲಿ ಬೆರೆಯಿತು.

ಏನಾಗಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಅದು ಸಕ್ಕರೆ, ಉಗುಳಿದರೂ ಹಾಕಿರಿ ಎನ್ನಬೇಕಿತ್ತು. ಹತ್ತು ಜನ ಸೇರಿದ್ದರು. ಎಲೆ ಕೊಟ್ಟವರು ಯಾರು ಎಂಬ ಮಾತು ಬರುತ್ತದೆಂದು ಹೆದರಿ ಸುಮ್ಮನೆ ನಿಂತೆ. ಆಂಬುಲೆನ್ಸ್ 8-55ಕ್ಕೆ ಬಂತು. ವಿಜಯಪುರದ ಆಸ್ಪತ್ರೆ ಸುಮಾರು ಇಪ್ಪತ್ತು ಕಿಲೋಮೀಟರ್. ಮರುದಿನ ನಸುಕಿನಲ್ಲಿ ರಾಜಬಿಯವರು ತೀರಿಕೊಂಡರು. ರುಕ್ಸಾರ ಉಸುಕು ತುರುಕಿ ಕೊಂದಳೆಂದು ಯುನುಸ ದೂರು ಕೊಟ್ಟಿದ್ದಾನೆ. ಅವನು ಕೇಳಿದ್ದು ಸುಳ್ಳಲ್ಲ.

ನಿನ್ನೆ ಸಂಜೆ 5-30ಕ್ಕೆ ರುಕ್ಸಾರ ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದ ಮಾತನ್ನು ಅವಳು ಆಡಿದಂತೆಯೇ ಬರೆದುಕೊಳ್ಳಬೇಕು. "ಕಾಕಾ, ನಾ ಸಕ್ಕರಿ ಡಬ್ಬಿನ ತಗದಿದ್ನಿರಿ. ಎಲ್ಲಾರೂ ಹೇಳೂದ ಕೇಳಿ ಕೇಳಿ ಈಗ ನನಗ ಖಾತ್ರಿ ಇಲ್ಲದಂಗ ಆಗೇತಿ. ಅವಸರದಾಗ ಉಸುಕಾ ತುಂಬಿದ್ನೇನ್ರಿ? ನೀವು ಅಲ್ಲೇ ಇದ್ರೆಲ್ಲಾ, ನೀವರ ಹೇಳ್ರಿ." ನಾನು ಆಗಲೂ ಉತ್ತರ ಕೊಡದೆ ಒಳಗೆ ಹೋದೆ.

ಎಲೆಯಿಂದಲೇ ರಕ್ತದ ಸಕ್ಕರೆ ಇಳಿಯಿತೋ, ಸೂಜಿಯ ಮೇಲೆ ಹೊತ್ತಿಗೆ ರೊಟ್ಟಿ ಬೀಳದೆ ಇಳಿಯಿತೋ ವೈದ್ಯರು ಹೇಳಬೇಕು. ರೊಟ್ಟಿ ತಪ್ಪಿಸಿದವನೂ ನಾನೇ. ನಾಲಿಗೆಯ ವಿಷಯವನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದೇ ಬಳ್ಳಿಯ ಐದು ಎಲೆಗಳನ್ನು ಈಗ ಹಾಜರುಪಡಿಸಿದ್ದೇನೆ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹವಾಲ್ದಾರ ಪರಸವ್ವ ಅವರು ನನ್ನ ಮಾತು ನಂಬದೆ, 11-05ಕ್ಕೆ ತಾವೇ ಒಂದು ಎಲೆ ಅಗಿದು, ಠಾಣೆಯ ಚಹಾದ ಡಬ್ಬಿಯಿಂದ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡರು. ಎದ್ದು ಹೋಗಿ ಬಾಗಿಲ ಹೊರಗೆ ಉಗುಳಿ ಬಂದು, "ಪಾಪ, ಆ ಹುಡುಗಿ" ಎಂದರು.

ನನ್ನ ಮೇಲೆ ಏನು ಕ್ರಮವಾಗಬೇಕೋ ಆಗಲಿ. ಅದಕ್ಕೂ ಮೊದಲು ಈ ಹೇಳಿಕೆಯನ್ನು ರುಕ್ಸಾರಳಿಗೆ ಓದಿ ಹೇಳಬೇಕು. ಬಟ್ಟಲಿನಲ್ಲಿದ್ದದ್ದು ಸಕ್ಕರೆಯೇ.

ಬರೆದುಕೊಂಡದ್ದನ್ನು ನನಗೆ ಓದಿ ತೋರಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಮೂರು ದಿನ ತಡವಾಗಿದೆ.

ಸ್ಥಳ: ತಿಕೋಟಾ
ದಿನಾಂಕ: 18-09-2025
ಸಹಿ: ಸುಧೀರ ವಾ. ಕುಲಕರ್ಣಿ