ಯಾರ ಹಂಗೂ ಇಲ್ಲದ ಹಾಸ್ಟೆಲ್

ಇಲ್ಲೇ ಎಲ್ಲೋ ಒಂದೂರು ಅಂದುಕೊಳ್ಳಿ, ಅಲ್ಲೊಬ್ಬ ಶ್ರೀಮಂತ. ಹುಟ್ಟು ಶ್ರೀಮಂತನಲ್ಲ, ನೋಡಿ. ವಾರಾನ್ನ ಉಂಡು ಓದಿದವನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ತಲೆ ತಗ್ಗಿಸಿ ಉಣ್ಣುವುದು, ತಲೆ ತಗ್ಗಿಸಿ ಎದ್ದು ಬರುವುದು. ಆ ಹಂಗು ಅವನ ಎದೆಯೊಳಗೆ ಮುಳ್ಳಿನ ಹಾಗೆ ಉಳಿದಿತ್ತು.

ದುಡ್ಡು ಬಂದ ಮೇಲೆ ವಿಶ್ವವಿದ್ಯಾಲಯದ ಹುಡುಗರಿಗೊಂದು ಹಾಸ್ಟೆಲ್ ಕಟ್ಟಿಸಲು ಹೊರಟ. ಇಂಜಿನಿಯರನ್ನು ಕರೆದು ಹೇಳಿದ: "ಇಲ್ಲಿರೋ ಹುಡುಗ್ರಿಗೆ ಯಾರ ಹಂಗೂ ಇರಬಾರದು. ಒಬ್ಬೊಬ್ಬನಿಗೂ ಬೇರೆ ಕೋಣೆ, ಬೇರೆ ಒಲೆ, ಬೇರೆ ನಲ್ಲಿ."

"ಎಲ್ಲರೂ ಕೂತು ಉಣ್ಣೋಕೆ ಒಂದು ಪಡಸಾಲೆ?"

"ಅದ್ಯಾಕೆ?" ಅಂದ ಶ್ರೀಮಂತ.

ಹಾಗೇ ಕಟ್ಟಿದರು. ಊರೆಲ್ಲ ಹೊಗಳಿತು.

ಒಂದು ಸಲ ಅಲ್ಲೊಬ್ಬ ಹುಡುಗನಿಗೆ ಜ್ವರ ಬಂತು. ಏಳಲಾಗದ ಜ್ವರ. ಮನೆಯವರು ಫೋನ್ ಮಾಡಿ ಮಾಡಿ ಸಾಕಾಗಿ ಶ್ರೀಮಂತನಿಗೆ ತಿಳಿಸಿದರು. ಅವನು ಓಡಿಬಂದು ಬಾಗಿಲು ಒಡೆಸಿದಾಗ ಹುಡುಗನಿಗೆ ಎಚ್ಚರವೇ ಇರಲಿಲ್ಲ. ಅವನನ್ನು ಆಸ್ಪತ್ರೆಗೆ ಕಳಿಸಿ, ಪಕ್ಕದ ಕೋಣೆಯವನನ್ನು ಕೇಳಿದ:

"ಅವನು ನರಳಿದ್ದು ನಿನಗೆ ಕೇಳಿಸಲಿಲ್ವೇನಪ್ಪಾ?"

"ಕೇಳಿಸ್ತು ಸರ್."

"ಒಂದು ಲೋಟ ನೀರು ಕೊಡಬಾರದಿತ್ತಾ?"

"ಅವನ ರೂಮಲ್ಲೇ ನಲ್ಲಿ ಇದೆಯಲ್ಲ ಸರ್."

ಈ ಹುಡುಗ ಕೆಟ್ಟವನಾ? ಅಲ್ಲ. ಆ ಕಟ್ಟಡ ಕಲಿಸಿದ್ದನ್ನೇ ಅವನು ಒಪ್ಪಿಸಿದ, ಅಷ್ಟೆ.

ಶ್ರೀಮಂತ ಅಲ್ಲೇ ಮೆಟ್ಟಿಲ ಮೇಲೆ ಕೂತ. ಓದುವ ಕಾಲದಲ್ಲಿ ತಾನೂ ಹೀಗೇ ಜ್ವರದಲ್ಲಿ ಮಲಗಿದ್ದು ನೆನಪಾಯಿತು. ಆವತ್ತು ಮಂಗಳವಾರ. ಮಂಗಳವಾರದ ಮನೆಯ ತಾಯಿ, "ಹುಡುಗ ಊಟಕ್ಕೆ ಬರಲಿಲ್ವಲ್ಲ" ಅಂತ ಗಂಜಿ ಹಿಡಿದು ಹುಡುಕಿಕೊಂಡು ಬಂದಿದ್ದಳು. ಜೀವಮಾನವಿಡೀ ಯಾವ ಹಂಗಿಗೆ ಶಾಪ ಹಾಕಿದ್ದನೋ, ಆವತ್ತು ಬಂದು ಬಾಗಿಲು ತಟ್ಟಿದ್ದು ಅದೇ ಹಂಗು.

ಹುಡುಗ ಬದುಕಿದ, ಗಾಬರಿಯಾಗಬೇಡಿ. ಅವನು ಮರಳುವಷ್ಟರಲ್ಲಿ ಶ್ರೀಮಂತ ಕೋಣೆಕೋಣೆಯ ಒಲೆ ಕೀಳಿಸಿ, ನಡುವಿನ ಗೋಡೆ ಒಡೆಸಿ, ಒಂದೇ ಅಡುಗೆಮನೆ, ಒಂದೇ ಪಂಕ್ತಿ ಮಾಡಿಸಿದ್ದ. ಹುಡುಗರು ಗೊಣಗಿದರು. ಗೊಣಗಲಿ ಬಿಡಿ, ಗೊಣಗುವುದಕ್ಕಾದರೂ ಒಂದು ಕಡೆ ಸೇರಿದರಲ್ಲ. ಅಲ್ಲಿ ಒಂದೇ ನಿಯಮ: ಬಡಿಸುವ ಮುಂಚೆ "ಯಾರು ಬಂದಿಲ್ಲ?" ಅಂತ ಕೇಳಬೇಕು.

ತಲೆ ಆಡಿಸುತ್ತಿದ್ದೀರಿ, ಸಂತೋಷ. ಈಗ ನಿಮ್ಮ ಮನೆಗೆ ಬರೋಣ. "ನಾವು ಯಾರ ಹಂಗಿನಲ್ಲೂ ಇಲ್ಲ ಸ್ವಾಮಿ" ಅಂತ ನನ್ನೆದುರೇ ಎಷ್ಟು ಜನ ಹೇಳಿಲ್ಲ? ಹಾಲು ಬಾಗಿಲಿಗೆ, ತರಕಾರಿ ಬಾಗಿಲಿಗೆ. ನಮ್ಮ ಈ ಮಠದ ಪ್ರಸಾದವನ್ನೂ ಪಂಕ್ತಿಯಲ್ಲಿ ಕೂರದೆ ಡಬ್ಬಿಗೆ ಹಾಕಿಸಿಕೊಂಡು ಹೊರಡುತ್ತೀರಿ. ಎದುರು ಮನೆಯವರ ಹೆಸರು ಹೇಳಿ ನೋಡೋಣ?

ಇವತ್ತು ಡಬ್ಬಿ ಚೀಲದಲ್ಲೇ ಇರಲಿ, ಪಂಕ್ತಿಯಲ್ಲಿ ಕೂತು ಉಣ್ಣಿ. ಮನೆಗೆ ಹೋಗಿ ಎದುರು ಬಾಗಿಲು ತಟ್ಟಿ, ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿ. ಮನೆಯಲ್ಲಿ ಮೊಸರಿದ್ದರೂ ಕೇಳಿ. ನಾಚಿಕೆಯಾಗುತ್ತದೆ, ಆಗಲಿ. ನಾಳೆ ಅವರ ಬಟ್ಟಲು ವಾಪಸ್ ಕೊಡಲು ನೀವು ಹೋಗಲೇಬೇಕಾಗುತ್ತದೆ. ಹೋಗದಿದ್ದರೆ, ಯಾಕೆ ಬರಲಿಲ್ಲ ಅಂತ ಕೇಳಿಕೊಂಡು ಅವರು ಬರುತ್ತಾರೆ.